ಹಿತ್ತಲಿಗೆ ಸೂರಿನ ನೀರು



2023ರಲ್ಲಿ ಮಳೆ ಕೈಕೊಟ್ಟಿತು. ಮರುಬೇಸಗೆ ಎಷ್ಟೋ ಕಡೆ ಕುಡಿಯುವ ನೀರಿಗೇ ಪರದಾಟ. ಹೀಗಿರುವಾಗ ಹಿತ್ತಲ ಗಿಡಕ್ಕೆ ಕೊಳಾಯಿ ನೀರು ಬಿಡುವುದು ತರವೇ?

ಲೆಕ್ಕ ಹಾಕಿ ನೋಡಿ. ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರು ಮಳೆ. 100 ಚದರ ಮೀಟರು ಸೂರಿನ ಮೇಲೆ ಅದು 80,000 ಲೀಟರು! ಆ ನೀರು ಬೀದಿಪಾಲಾಗದಂತೆ, ಗೋಡೆಯ ಪಾಯದಿಂದ ದೂರದಲ್ಲಿ, ಗಿಡಗಳ ನಡುವೆ ಇಂಗುಗುಂಡಿ ತೋಡಿ. ಬುಡದ ಸುತ್ತ ಮೂರಂಗುಲ ತರಗೆಲೆ ಹೊದಿಸಿ; ಕಾಂಡಕ್ಕೆ ತಾಗಿಸಬೇಡಿ. ನೆಲ ಬೇಗ ಒಣಗೋದಿಲ್ಲ.

ಹುಲ್ಲುಹಾಸಿನ ಆಸೆ ಬಿಡಿ. ನುಗ್ಗೆ, ಕರಿಬೇವು ನೆಡಿ. ಬೇರೂರಿದ ಮೇಲೆ ಅವಕ್ಕೆ ಸ್ವಲ್ಪ ನೀರೇ ಸಾಕು. ಬೇಸಗೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರನ್ನು ಸಂಜೆ ಹೊತ್ತು ಬುಡಕ್ಕೆ ಹಾಕಿ.

ಮುಂಗಾರಿಗೆ ಮುಂಚೆಯೇ ಗುದ್ದಲಿ ಹಿಡಿಯಿರಿ. ಬಿಂದಿಗೆಯ ನೀರು ಮನೆಮಂದಿಗಿರಲಿ.