ಭಾಲ್ಕಿಯ ಗುಡಿಸು

ಬೀದರ್, ಔರಾದ್, ಭಾಲ್ಕಿ ಈ ಮೂರರಲ್ಲಿ ಕಂಪ್ಯೂಟರನ್ನು ಕಾಡುವ ಹೆಸರು ಭಾಲ್ಕಿ. ಯುನಿಕೋಡ್‌ನಲ್ಲಿ ಅದು ಆರು ಸಂಕೇತಗಳ ಸಾಲು. ಕಟ್ಟಕಡೆಗೆ ಬರುವುದು ಗುಡಿಸು. ಪರದೆಯಲ್ಲಿ ಮಾತ್ರ ಗುಡಿಸು ಲಕಾರಕ್ಕೆ ಏರಬೇಕು, ಕಕಾರ ಒತ್ತಾಗಿ ಅಡಿಗಿಳಿಯಬೇಕು. ತಪ್ಪಿದರೆ ಊರಿನ ಹೆಸರೇ ಮುರಿದು ಕಾಣುತ್ತದೆ.

ಲಿನಕ್ಸ್ ಬೆಳೆದದ್ದೇ ಕೇಳುತ್ತ, ಹೇಳುತ್ತ. 1991ರ ಆಗಸ್ಟ್‌ನಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ತಮ್ಮ ಹವ್ಯಾಸದ ಕೆಲಸಕ್ಕೆ ಅಪರಿಚಿತರ ಸಲಹೆ ಬೇಡಿದರು. ಅದೇ ಅಕ್ಟೋಬರಿನಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲಿ ಕನ್ನಡವೂ ಇತ್ತು. ಇಂದು ಲಿನಕ್ಸಿನಲ್ಲಿ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶದ ಮೂಲ ಎಲ್ಲರಿಗೂ ತೆರೆದಿದೆ.

ಆದರೆ ‘ಕನ್ನಡ ಬರವಲ್ದು’ ಎಂದಷ್ಟೇ ಬರೆದರೆ ಯಾರು ತಾನೇ ನೆರವಾದಾರು? ಏನು ಒತ್ತಿದಿರಿ, ಏನು ಮೂಡಿತು, ಫಾಂಟ್ ಯಾವುದು, ಆವೃತ್ತಿ ಯಾವುದು, ಇಷ್ಟು ತಿಳಿಸಲು ಪ್ರೋಗ್ರಾಂ ಬರೆಯಲು ಬರಬೇಕಿಲ್ಲ. ಸಿ ಭಾಷೆ ಬಲ್ಲ ದೂರದ ಹವ್ಯಾಸಿಗೆ ಭಾಲ್ಕಿಯ ಗುಡಿಸು ಎಲ್ಲಿ ಕೂರಬೇಕೆಂಬುದೇ ಗೊತ್ತಿರುವುದಿಲ್ಲ.