ಕೂಡುಕೆಲಸವೂ ವಿದ್ಯಾರ್ಥಿಯ ಸ್ವಭಾವವೂ



‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ಗಾದೆಯನ್ನು ತಾವೆಲ್ಲರೂ ಬಲ್ಲಿರಿ. ವಿದ್ಯಾರ್ಥಿಗಳನ್ನು ನಾಲ್ಕೈದು ಮಂದಿಯ ತಂಡಗಳಾಗಿ ಮಾಡಿ ಕೆಲಸವನ್ನು ಒಪ್ಪಿಸುವಾಗ ಉಪಾಧ್ಯಾಯರ ಮನಸ್ಸಿನಲ್ಲಿರುವುದೂ ಇದೇ. ಆದರೆ ನಾಲ್ವರು ತಮ್ಮ ಕಡ್ಡಿಯನ್ನು ತಾರದೆ ಹೋದರೆ ಹೊರೆಯೆಲ್ಲವನ್ನೂ ಐದನೆಯವನೇ ಹೊಂದಿಸಬೇಕಾಗುವುದೆಂಬುದನ್ನು ಗಾದೆ ಹೇಳುವುದಿಲ್ಲ. ಆ ಐದನೆಯವನ ವಿಚಾರವಾಗಿ ಈ ಹೊತ್ತು ತಮ್ಮೊಡನೆ ಕೆಲವು ಮಾತುಗಳನ್ನಾಡಬೇಕೆಂದಿದ್ದೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ತರಗತಿಯಲ್ಲಿ ಅಂಥವನೊಬ್ಬನಿದ್ದ. ಊರ ಕೆರೆಯನ್ನು ಕುರಿತು ಐದೈದು ಮಂದಿ ಕೂಡಿ ವರದಿಯೊಂದನ್ನು ಬರೆಯಬೇಕೆಂದು ನಾವು ವಿಧಿಸಿದ್ದೆವು. “ನಾನೊಬ್ಬನೇ ಬರೆದುಕೊಡುತ್ತೇನೆ ಸಾರ್, ಅಪ್ಪಣೆಯಾಗಬೇಕು” ಎಂದು ಅವನು ಬೇಡಿದ. ನಾವು ಒಪ್ಪಲಿಲ್ಲ. ಅಷ್ಟೇ ಅಲ್ಲ, ಹತ್ತು ಜನರೊಡನೆ ಹೊಂದಿ ಬಾಳುವುದನ್ನು ಕಲಿಯೆಂದು ಎಲ್ಲರ ಎದುರಿಗೇ ಬುದ್ಧಿ ಹೇಳಿದೆವು. ವರದಿ ಬಂದಿತು. ಮೇಲೆ ಐದು ಹೆಸರುಗಳಿದ್ದುವು. ಒಳಗೆ ಇದ್ದುದು ಒಂದೇ ಕೈಬರಹ. ಐವರಿಗೂ ಒಂದೇ ಅಂಕವನ್ನು ಕೊಟ್ಟೆವು. ವರ್ಷದ ಕೊನೆಗೆ ಆ ಹುಡುಗನ ಗುಣವರದಿಯಲ್ಲಿ ‘ಸಹಕಾರ ಮನೋಭಾವ ಸಾಲದು’ ಎಂದು ಬರೆದವರೂ ನಾವೇ.

ಒಬ್ಬನೇ ಕೆಲಸಮಾಡಬಯಸುವವನನ್ನು ಗರ್ವಿಷ್ಠನೆಂದೋ ಜನಭೀರುವೆಂದೋ ಎಣಿಸುವುದು ಸುಲಭ. ಸ್ವಿಟ್ಸರ್ಲೆಂಡಿನ ಯೂಂಗ್ ಪಂಡಿತನು 1921ರಲ್ಲಿ ತನ್ನ ಗ್ರಂಥದಲ್ಲಿ ಅಂತರ್ಮುಖ, ಬಹಿರ್ಮುಖ ಎಂಬ ವಿಭಾಗವನ್ನು ಪ್ರತಿಪಾದಿಸಿದ ತರುವಾಯ ಈ ಎರಡು ಮಾತುಗಳು ಎಲ್ಲರ ಬಾಯಲ್ಲೂ ಬಂದುವು. ಈಚಿನ ಮನಶ್ಶಾಸ್ತ್ರವಾದರೋ ಇದೊಂದನ್ನೇ ನೆಚ್ಚದೆ, ಶ್ರದ್ಧೆ, ಸೌಹಾರ್ದ, ಉದ್ವೇಗ, ಹೊಸತನ್ನು ಬಯಸುವ ಗುಣ ಇವುಗಳನ್ನೂ ಸೇರಿಸಿಕೊಂಡು ಮನುಷ್ಯನ ಶೀಲವನ್ನು ಐದು ಮುಖಗಳಿಂದ ಅಳೆಯುತ್ತದೆ. ಬಹಿರ್ಮುಖನಿಗೆ ತಂಡವೆಂದರೆ ಹಬ್ಬ. ಸೌಹಾರ್ದವುಳ್ಳವನು ತಂಡವನ್ನು ಒಪ್ಪುತ್ತಾನೆ. ಕೆಲವು ವೇಳೆ ‘ಆಗದು’ ಎನ್ನಲಾರದೆ ಮಿಕ್ಕವರ ಪಾಲನ್ನೂ ಹೊರುತ್ತಾನೆ. ನಮ್ಮನ್ನು ದಾರಿತಪ್ಪಿಸುವವನು ಶ್ರದ್ಧಾವಂತ. ಇವನಿಗೆ ಜನರ ಮೇಲೆ ಬೇಸರವಿಲ್ಲ. ಅರೆಮನಸ್ಸಿನ ಕೆಲಸದ ಮೇಲೆ ಬೇಸರ. ಇವನ ಅಸಮಾಧಾನಕ್ಕೆ ಸ್ವಭಾವ ಎಷ್ಟು ಕಾರಣವೋ ಅನುಭವವೂ ಅಷ್ಟೇ ಕಾರಣ.

ಆ ಅನುಭವ ಬರಿಯ ಭ್ರಮೆಯಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ರಿಂಗೆಲ್‌ಮನ್ ಎಂಬಾತನು ಜನರಿಂದ ಹಗ್ಗವನ್ನು ಎಳೆಯಿಸಿ ಅವರ ಬಲವನ್ನು ಅಳೆದನು. 1913ರಲ್ಲಿ ಪ್ರಕಟವಾದ ಅವನ ಲೆಕ್ಕದಂತೆ, ಎಂಟು ಮಂದಿ ಕೂಡಿ ಎಳೆದಾಗ ಒಬ್ಬೊಬ್ಬನ ಪಾಲಿಗೆ ಬಂದುದು ಅವನ ಸ್ವಂತ ಶಕ್ತಿಯ ಸುಮಾರು ಅರ್ಧ ಮಾತ್ರ. ಎಳೆತದ ತಾಳ ಕೂಡದಿದ್ದುದೂ ಇದಕ್ಕೆ ಕಾರಣವಿರಬಹುದಷ್ಟೆ? ಈ ಸಂಶಯವನ್ನು ಬಿಡಿಸುವುದಕ್ಕೆ ಅಮೆರಿಕೆಯ ಲಾಟನೇ ಮತ್ತು ಅವರ ಸಂಗಡಿಗರು ವಿದ್ಯಾರ್ಥಿಗಳ ಕಣ್ಣಿಗೆ ಬಟ್ಟೆ ಕಟ್ಟಿ, ಕಿವಿಯನ್ನು ಮುಚ್ಚಿ, ಗಟ್ಟಿಯಾಗಿ ಕೂಗಿರೆಂದರು. 1979ರಲ್ಲಿ ಪ್ರಕಟವಾದ ಪ್ರಯೋಗವಿದು. ತನ್ನೊಡನೆ ಇನ್ನೈವರು ಕೂಗುತ್ತಿರುವರೆಂದು ನಂಬಿದವನು, ವಾಸ್ತವವಾಗಿ ಒಬ್ಬನೇ ಕೂಗುತ್ತಿದ್ದರೂ, ಪೂರ್ಣ ಕಂಠದ ಮುಕ್ಕಾಲು ಪಾಲಿನಷ್ಟೇ ಕೂಗಿದನು. ಒಬ್ಬೊಬ್ಬನ ಕೂಗನ್ನೂ ಬೇರೆ ಬೇರೆಯಾಗಿ ಅಳೆಯಲಾಗುವುದೆಂದು 1981ರ ಪ್ರಯೋಗದಲ್ಲಿ ತಿಳಿಸಿದಾಗ ಈ ಸೋಮಾರಿತನ ಮಾಯವಾಯಿತು!

ನಮ್ಮ ರೈತರಿಗೆ ಈ ಮರ್ಮ ಹೊಸದಲ್ಲ. ನಾಟಿಯ ಕಾಲದಲ್ಲಿ ಮುಯ್ಯಾಳು ಹೋಗುವ ಪದ್ಧತಿಯನ್ನು ತಾವು ಕೇಳಿರಬಹುದು. ಈ ದಿನ ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಇಲ್ಲಿ ಮೈಗಳ್ಳನಿಗೆ ತನ್ನ ಗದ್ದೆಯ ಸರದಿ ಬಂದಾಗ ತಕ್ಕ ಮುಯ್ಯಿ ದೊರೆಯುತ್ತದೆ. ಯಾರ ಪಾಲೆಷ್ಟೆಂಬುದು ಬರೆದಿಡದೆ ಹೋದರೂ ಎಲ್ಲರಿಗೂ ಗೊತ್ತು. ತರಗತಿಯ ತಂಡದಲ್ಲಿ ಈ ಲೆಕ್ಕವೇ ಇಲ್ಲ. ಎಂಜಿನಿಯರಿಂಗ್ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟಿನಲ್ಲಿ ಯಾರು ಎಷ್ಟು ದುಡಿದರೆಂದು ಆ ಹುಡುಗರನ್ನೇ ಗುಟ್ಟಾಗಿ ಕೇಳಿ ನೋಡಿದರೆ ತಿಳಿಯುತ್ತದೆ.

ಮೌನಿಗಳ ಮಾತು ಬೇರೆ. ಅಂತರ್ಮುಖಿಯಾದ ಹುಡುಗಿ ಯೋಚಿಸಿ ಮಾತನಾಡುವವಳು. ಅವಳ ಯೋಚನೆ ಮುಗಿಯುವುದರೊಳಗೆ ಬಾಯಿಯುಳ್ಳವರು ವಿಷಯವನ್ನು ತೀರ್ಮಾನಿಸಿ ಎದ್ದಿರುತ್ತಾರೆ. ಚರ್ಚೆಗೆ ಮೊದಲು ಹತ್ತು ನಿಮಿಷ ಎಲ್ಲರೂ ತಮ್ಮ ಅಭಿಪ್ರಾಯವನ್ನು ಬರೆಯಬೇಕೆಂದು ನಾವು ಏರ್ಪಡಿಸಿದ ಮೇಲೆ, ಇಂಥವರ ಹಾಳೆಗಳಲ್ಲಿಯೇ ಎಷ್ಟೋ ಸಲ ಒಳ್ಳೆಯ ವಿಚಾರ ದೊರೆತುದುಂಟು.

ಸ್ವಭಾವವನ್ನು ತಿದ್ದುವುದಕ್ಕಿಂತ ಕೆಲಸದ ಏರ್ಪಾಟನ್ನು ತಿದ್ದುವುದು ಮೇಲೆಂಬುದಕ್ಕೆ ಟೆಕ್ಸಾಸಿನ ಆಸ್ಟಿನ್ ನಗರದ ಒಂದು ನಿದರ್ಶನವಿದೆ. ಬಿಳಿಯ, ಕರಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಒಂದೇ ಶಾಲೆಗಳಲ್ಲಿ ಹೊಸದಾಗಿ ಕೂಡಿಸಿದ್ದ ಕಾಲ, ಜಗಳಗಳು ಹೆಚ್ಚಿದ್ದುವು. 1971ರಲ್ಲಿ ಎಲಿಯಟ್ ಆರನ್ಸನ್ ಮತ್ತು ಅವರ ಶಿಷ್ಯರು ಅಲ್ಲಿ ಪಾಠವನ್ನು ತುಂಡು ತುಂಡಾಗಿ ಮಾಡಿ, ಸಣ್ಣ ತಂಡದ ಒಬ್ಬೊಬ್ಬ ಮಗುವಿಗೂ ಒಂದೊಂದು ತುಂಡನ್ನು ಮಾತ್ರ ಕೊಟ್ಟರು. ಉಳಿದ ಭಾಗವನ್ನು ಜೊತೆಯವರ ಬಾಯಿಂದಲೇ ಕಲಿಯಬೇಕು; ಪರೀಕ್ಷೆ ಮಾತ್ರ ಒಬ್ಬೊಬ್ಬರಿಗೂ ಪ್ರತ್ಯೇಕ. ತಡವರಿಸುವವನನ್ನು ಹಾಸ್ಯಮಾಡಿದರೆ ನಷ್ಟ ತಮಗೇ ಎಂದರಿತ ಮಕ್ಕಳು ಅವನನ್ನು ತಾಳ್ಮೆಯಿಂದ ಪ್ರಶ್ನಿಸಲು ಕಲಿತರು. ಮೈಗಳ್ಳನಿಗೆ ಅಡಗಲು ಎಡೆಯಿಲ್ಲ, ಶ್ರದ್ಧಾವಂತನಿಗೆ ಎಲ್ಲವನ್ನೂ ಹೊರುವ ಕಷ್ಟವಿಲ್ಲ. ಈ ಪದ್ಧತಿಗೆ ಮಾತ್ರ ಉಪಾಧ್ಯಾಯನ ಶ್ರಮ ಇಮ್ಮಡಿಯಾಗುತ್ತದೆ. ನಾವು ಅದನ್ನು ತಪ್ಪಿಸಿಕೊಳ್ಳುವುದಕ್ಕೆ ಇದೂ ಒಂದು ಕಾರಣವಿರಬೇಕು.

ಈಗ ನಮ್ಮ ತರಗತಿಯ ವರದಿಗಳಲ್ಲಿ ಪ್ರತಿಯೊಂದು ಭಾಗದ ಕೆಳಗೂ ಬರೆದವರ ಹೆಸರಿರುತ್ತದೆ. ಅರ್ಧ ಅಂಕ ತಂಡಕ್ಕೆ, ಅರ್ಧ ಅವರವರಿಗೆ. ಒಬ್ಬನೇ ಬರೆಯುತ್ತೇನೆಂದು ಯಾರಾದರೂ ಬಂದರೆ ಮೊದಲು ಏಕೆಂದು ಕೇಳುತ್ತೇವೆ. ಕೆರೆಯ ವರದಿಯನ್ನು ಬರೆದ ಆ ಹುಡುಗನನ್ನು ಹಾಗೆ ಕೇಳಿರಲಿಲ್ಲ. ಅವನು ಆ ವರ್ಷವೇ ತೇರ್ಗಡೆಯಾಗಿ, ನಾವು ಬರೆದ ಗುಣವರದಿಯನ್ನು ತೆಗೆದುಕೊಂಡು ಬೇರೆ ಊರಿಗೆ ಹೊರಟುಹೋದ.