ಶಾಲಾ ಕೈತೋಟದಲ್ಲಿ ಹೂಸಸಿಗಳ ನಾಟಿ



ಹೊಸೂರಿನ ಗುಲಾಬಿ, ತಾಳವಾಡಿಯ ಚೆಂಡುಹೂವುಗಳ ನಡುವೆ ಬೆಳೆಯುವ ಮಕ್ಕಳಿಗೆ ಹೂವಿನ ಬೇಸಾಯ ಅಪರಿಚಿತವಲ್ಲ. ಹಾಗಿದ್ದರೂ ಶಾಲೆಯ ಕೈತೋಟದಲ್ಲಿ ನೆಟ್ಟ ಆಸ್ಟರ್ ಸಸಿಗಳು ಮೂರೇ ದಿನಗಳಲ್ಲಿ ಬಾಡಿ ಬೀಳುವುದುಂಟು. ಬೀಜ ಕೆಟ್ಟದ್ದೆಂದೋ, ಮಕ್ಕಳು ನೀರೆರೆಯಲಿಲ್ಲವೆಂದೋ ದೂರುವುದು ಸುಲಭ. ಕಾರಣ ಎಷ್ಟೋ ವೇಳೆ ವೇಳಾಪಟ್ಟಿಯಲ್ಲಿರುತ್ತದೆ.

ಸಸಿಯನ್ನು ಮಡಿಯಿಂದ ಎತ್ತುವಾಗ ಕಣ್ಣಿಗೆ ಕಾಣುವ ಬೇರುಗಳು ಉಳಿದರೂ, ಮಣ್ಣಿನ ಕಣಗಳಿಗೆ ಅಂಟಿಕೊಂಡು ನೀರು ಹೀರುವ ಸೂಕ್ಷ್ಮ ಬೇರುರೋಮಗಳು ಬಹುಪಾಲು ಹರಿದುಹೋಗುತ್ತವೆ. ಎಲೆಗಳಾದರೋ ನೀರನ್ನು ಆವಿಯಾಗಿ ಬಿಡುತ್ತಲೇ ಇರುತ್ತವೆ. ಹೊಸ ಬೇರು ಮೂಡುವ ತನಕ ಸಸಿಗೆ ಆದಾಯ ಕಡಿಮೆ, ವೆಚ್ಚ ಹೆಚ್ಚು. ನಡುಹಗಲಿನ ಬಿಸಿಲಿನಲ್ಲಿ ನೆಟ್ಟರೆ ಬುಡಕ್ಕೆ ಎಷ್ಟು ನೀರು ಸುರಿದರೂ ಅದನ್ನು ಹೀರಿಕೊಳ್ಳುವ ಶಕ್ತಿ ಬೇರಿಗಿರುವುದಿಲ್ಲ. ಇಳಿಹೊತ್ತಿನಲ್ಲಿ ನೆಟ್ಟ ಸಸಿಗೆ ಒಂದು ಇಡೀ ರಾತ್ರಿಯ ಬಿಡುವು ದೊರೆಯುತ್ತದೆ. ಆದ್ದರಿಂದ ತೋಟದ ಅವಧಿಯನ್ನು ದಿನದ ಕೊನೆಗೆ ಸರಿಸುವುದೇ ಈ ಪಾಠದ ಮೊದಲ ಸಿದ್ಧತೆ. ಅದಕ್ಕೆ ಮುಖ್ಯೋಪಾಧ್ಯಾಯರನ್ನು ಒಪ್ಪಿಸುವುದು ನಾಟಿಗಿಂತ ಕಷ್ಟವೆಂಬುದು ಬೇರೆ ಮಾತು.

ಆಸ್ಟರ್ ಬೀಜದ ಮೊಳೆಯುವ ಶಕ್ತಿ ಬೇಗ ಕುಗ್ಗುವುದರಿಂದ ಹಿಂದಿನ ವರ್ಷಗಳಲ್ಲಿ ಉಳಿದ ಬೀಜವನ್ನು ನಂಬಬಾರದು. ಜೂನ್ ಕೊನೆಯಲ್ಲಿ ಬಿತ್ತಿದರೆ ಸುಮಾರು 30 ದಿನಗಳಲ್ಲಿ ನಾಲ್ಕೈದು ಎಲೆಗಳ ಸಸಿ ಸಿದ್ಧವಾಗುತ್ತದೆ. ಕೀಳುವುದಕ್ಕೆ ಒಂದು ವಾರ ಮೊದಲಿನಿಂದ ನೀರನ್ನು ಸ್ವಲ್ಪ ಕಡಿಮೆ ಮಾಡಿ, ನೆರಳನ್ನು ತೆಗೆದು ಸಸಿಗಳನ್ನು ಬಿಸಿಲಿಗೆ ಪಳಗಿಸಬೇಕು. ಕೀಳುವ ದಿನ ಮಾತ್ರ ಮಡಿಯನ್ನು ಚೆನ್ನಾಗಿ ನೆನೆಸಬೇಕು.

ಇಲ್ಲಿ ಮಕ್ಕಳ ಕೈಯನ್ನು ಗಮನಿಸುವುದು ಅಗತ್ಯ. ಎಲ್ಲರೂ ಸಹಜವಾಗಿ ಕಾಂಡವನ್ನೇ ಹಿಡಿದು ಎಳೆಯುತ್ತಾರೆ. ಎಳೆಯ ಕಾಂಡ ನಸುವೇ ನಜ್ಜಿದರೂ ಸಸಿ ಉಳಿಯದು. ಎಲೆಯೊಂದು ಹರಿದರೆ ಮತ್ತೊಂದು ಚಿಗುರುತ್ತದೆ. ಎಲೆಯನ್ನು ಹಿಡಿದು, ಕೆಳಗಿನಿಂದ ಕಡ್ಡಿಯಿಂದ ಮಣ್ಣುಸಹಿತ ಮೀಟಿ ಎತ್ತಬೇಕು. ಮಡಿಯಲ್ಲಿದ್ದಷ್ಟೇ ಆಳಕ್ಕೆ, ಒಂದು ಅಡಿ ಅಂತರದಲ್ಲಿ ನೆಟ್ಟು, ಮೂರು ನಾಲ್ಕು ದಿನ ಹೊಂಗೆಯ ಸೊಪ್ಪಿನ ನೆರಳು ಕೊಟ್ಟರೆ ಸಾಕು.

ಸಸಿಯನ್ನು ಭಾಷೆಗೆ ಹೋಲಿಸಿ ಭಾಷಣ ಮಾಡುವ ರೂಢಿ ಗಡಿನಾಡಿನ ಸಭೆಗಳಲ್ಲಿ ಹಳೆಯದು. ಇಲ್ಲಿ ಅದರ ಅಗತ್ಯವಿಲ್ಲ. ಈ ಕೆಲಸದಲ್ಲಿ ಭಾಷೆ ತಾನಾಗಿಯೇ ಬರುತ್ತದೆ. ಪಠ್ಯಪುಸ್ತಕ ‘ಸಸಿಮಡಿ’ ಎನ್ನುವುದನ್ನು ಒಂದು ಮಗು ‘ಒಟ್ಲು’ ಎನ್ನುತ್ತದೆ, ಇನ್ನೊಂದು ‘ಪೈರು’ ಎನ್ನುತ್ತದೆ. ತಮಿಳು ಮನೆಯ ನೆರೆಯ ಮಗು ‘ನಾತ್ತು’ ಎಂದರೆ, ಹೊಸೂರಿನ ತೆಲುಗು ಮಾತಿನ ಮಗು ‘ನಾರು’ ಎಂದೀತು. ಕನ್ನಡದ ಮಕ್ಕಳು ನಗುತ್ತಾರೆ. ತಮಿಳಿನ ‘ನಡು’ ಎಂಬ ಕ್ರಿಯಾಪದವೂ ಕನ್ನಡದ ‘ನೆಡು’ವೂ ಒಂದೇ ಮೂಲದವೆಂಬುದನ್ನು ತಿಳಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು. ‘ಒಟ್ಲು’ ಎಂದ ಮಗುವನ್ನು ತಿದ್ದಿದರೆ ಅದು ಮತ್ತೆ ಬಾಯಿ ತೆರೆಯಲಿಕ್ಕಿಲ್ಲ. ತರಗತಿಯಲ್ಲಿ ಮೌನವಾಗಿರುವ ರೈತನ ಮಗು ತೋಟದಲ್ಲಿ ಅಧ್ಯಾಪಕರಿಗಿಂತ ಹೆಚ್ಚು ಬಲ್ಲದೆಂಬುದನ್ನೂ ಮರೆಯಬಾರದು. ಎರಡು ಪದಗಳನ್ನೂ ಕರಿಹಲಗೆಯ ಮೇಲೆ ಬರೆದು, ಅರ್ಥದಲ್ಲಿ ವ್ಯತ್ಯಾಸವಿದೆಯೇ ಎಂದು ಆ ಮಗುವನ್ನೇ ಕೇಳಬಹುದು.

ನಾಟಿಯಾದ ಒಂದು ವಾರದ ಬಳಿಕ ಪ್ರತಿಯೊಬ್ಬರೂ ತಮ್ಮ ಸಾಲಿನ ಲೆಕ್ಕವನ್ನು ಕನ್ನಡದಲ್ಲಿ ಬರೆಯಲಿ: ಎಷ್ಟು ನೆಟ್ಟದ್ದು, ಯಾವ ಹೊತ್ತಿನಲ್ಲಿ, ಎಷ್ಟು ಸತ್ತವು, ಏಕೆ. ಸತ್ತ ಸಸಿಗಳಿಗಾಗಿ ಅಂಕ ಕಳೆಯಬಾರದು. ಕಳೆದರೆ ಮಕ್ಕಳು ಸುಳ್ಳು ಲೆಕ್ಕ ಬರೆಯುತ್ತಾರೆ. ಖಾಲಿಯಾದ ಜಾಗಗಳನ್ನು ತುಂಬಲು ಮಡಿಯಲ್ಲಿ ಒಂದಷ್ಟು ಸಸಿಗಳನ್ನು ಮೊದಲೇ ಉಳಿಸಿಕೊಂಡಿರಬೇಕು. ಅವು ಒಂದೆರಡು ವಾರ ತಡವಾಗಿ, ಅಕ್ಟೋಬರ್ ತಿಂಗಳಲ್ಲಿ ಮೊದಲಿನವು ಅರಳಿದ ಮೇಲೆ ಅರಳುತ್ತವೆ.